ಸವತಿಯ ಹೆಸರಿಗಾಗಿ

ಉದಗೀರದ ದಾಲ್ ಮಿಲ್‌ಗಳ ಹಿಂದಿನ ಓಣಿಗೆ ಹೊಸಬರು ಕಾಲಿಟ್ಟರೆ ಮೊದಲು ಸೀನುತ್ತಾರೆ, ಆಮೇಲೆ ದಾರಿ ಕೇಳುತ್ತಾರೆ. ಅದು ತ್ರಿವೇಣಿಯ ಕಾಂಡಪ ಮಷೀನಿನ ಪ್ರತಾಪ. ಒಣಮೆಣಸಿನಕಾಯಿ, ಅರಿಸಿನ, ಮಸಾಲೆ ಕುಟ್ಟುವ ಆ ಮಷೀನಿನ ಕಬ್ಬಿಣದ ಒನಕೆಗಳು ಏಳುತ್ತ ಬೀಳುತ್ತ ಇರುವಾಗ ಪಕ್ಕದಲ್ಲಿ ಕೂತವರ ಮಾತು ಕೇಳಿಸುವುದಿಲ್ಲ. ತ್ರಿವೇಣಿಯ ಮಾತು ಮಾತ್ರ ಓಣಿಯ ಆಚೆ ತುದಿಗೂ ಕೇಳಿಸುತ್ತದೆ. ಮಷೀನು ಹಾಕಿದ ಮೇಲೆ ಬಂದ ಧ್ವನಿಯಲ್ಲ ಅದು, ಅದಕ್ಕಿಂತ ಹಳೆಯದು.

ಆಕೆ ಉಮರಗಾ ತಾಲೂಕಿನ ಗುಂಜೋಟಿಯವಳು. 1993ರ ಭೂಕಂಪವಾದ ನಸುಕಿನಲ್ಲಿ ಅವಳಿಗೆ ಒಂಬತ್ತು ವರ್ಷ. ಗೋಡೆ ಕುಸಿದು ತಾಯಿ ಹೋದಳು. ತಂದೆ ರೇವಣಪ್ಪ ಉಳಿದ, ಆದರೆ ಬಾಯಿ ಕಟ್ಟಿಹೋದವನಂತೆ ಉಳಿದ. ಆಮೇಲೆ ತಗಡಿನ ಶೆಡ್ಡಿನಲ್ಲಿ ಕಳೆದ ವರ್ಷಗಳಲ್ಲಿ ಚಾದರ ಹಂಚುವವರು, ಜೋಳ ಹಂಚುವವರು ಬಂದಾಗ ಸಾಲಿನಲ್ಲಿ ನಿಂತು, ‘ನಮ್ಮ ಪಾಲಿಂದು ಬಂದಿಲ್ಲರಿ’ ಎಂದು ಕೂಗಿ ಹೇಳುತ್ತಿದ್ದವಳು ಈ ಹುಡುಗಿಯೇ. ಮೆಲ್ಲಗೆ ಹೇಳಿದವರ ಪಾಲು ಮೆಲ್ಲಗೆ ಇನ್ನೊಬ್ಬರ ಮನೆ ಸೇರುವುದನ್ನು ಅವಳು ಕಣ್ಣಾರೆ ಕಂಡಿದ್ದಳು.

ತಾಯಿಯಿಲ್ಲದ, ಬಾಯಿ ಜೋರಿರುವ ಹುಡುಗಿ ಎಂದು ಸಂಬಂಧಗಳು ಬಂದ ದಾರಿಯಲ್ಲೇ ಹಿಂದಿರುಗಿದವು. ಕೊನೆಗೆ ಉದಗೀರದ ಉಮಾಕಾಂತನ ಮನೆಯವರು ಒಪ್ಪಿದರು. ಆತ ದಾಲ್ ಮಿಲ್ಲಿನಲ್ಲಿ ಮಷೀನು ರಿಪೇರಿ ಮಾಡುವ ಮಿಸ್ತ್ರಿ. ಅವನ ತಂದೆ ಕಾಶೆಪ್ಪ ಔರಾದ ಕಡೆಯಿಂದ ಹಮಾಲಿ ಕೆಲಸಕ್ಕೆಂದು ಬಂದು ಇಲ್ಲೇ ನೆಲೆ ನಿಂತವನು. ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಯಲ್ಲಿ ತಾಯಿ ಅಂಬುಬಾಯಿಯದೇ ಕಾರುಬಾರು. ಉಮಾಕಾಂತನಿಗೆ ಅದು ಎರಡನೆಯ ಮದುವೆ. ಮೊದಲನೆಯವಳು, ನಿಲಂಗಾದ ಅಂಜನಾಬಾಯಿ, ಎರಡು ವರ್ಷದ ಹಿಂದೆ ಗರ್ಭಚೀಲದ ಕ್ಯಾನ್ಸರಿನಲ್ಲಿ ತೀರಿಕೊಂಡಿದ್ದಳು. ಇಪ್ಪತ್ತೊಂಬತ್ತರ ವಯಸ್ಸು. ಮಕ್ಕಳಾಗಿರಲಿಲ್ಲ.

ತ್ರಿವೇಣಿ ಆ ಮನೆಗೆ ಬಂದ ಮೇಲೆ ಅಂಜನಾಬಾಯಿಯ ವಿಷಯ ಒಂದೊಂದೇ ತುಣುಕಾಗಿ ಅವಳ ಕಿವಿಗೆ ಬಿತ್ತು. ಬಿಳಿಸೆರಗು ಹೋಗುತ್ತಿತ್ತು, ಆಮೇಲೆ ರಕ್ತ, ಕೊನೆಗೆ ವಾಸನೆ. ಹಿತ್ತಿಲ ಕೋಣೆಯಲ್ಲಿ ಹಾಕಿದ್ದರು. ತಟ್ಟೆ, ಲೋಟ ಬೇರೆ. ‘ನಡತಿ ಸರಿ ಇದ್ದಾಕಿಗೆ ಅಲ್ಲೇ ಯಾಕ ಬರ್ತಾದ ಅಂಥಾ ಬ್ಯಾನಿ’ ಎಂದು ಅಂಬುಬಾಯಿ ಯಾರ ಮುಂದೆ ಬೇಕಾದರೂ ಹೇಳುತ್ತಿದ್ದಳು. ಆ ಮಾತು ಬಸ್ಸು ಹತ್ತಿ ನಿಲಂಗಾಕ್ಕೂ ಹೋಗಿತ್ತು. ಗೋಡೆಯ ಮೇಲೆ ಅಂಜನಾಬಾಯಿಯ ಫೋಟೋ ಕೂಡ ಇರಲಿಲ್ಲ. ಹೊಸ ಸೊಸೆ ಕೇಳಿಕೊಂಡು ಸುಮ್ಮನಿದ್ದಳು. ಸತ್ತವಳ ಬಗ್ಗೆ ಅವಳಿಗೇನು ಗೊತ್ತು? ಮಗಳು ಉಮಾಶ್ರೀ ಹುಟ್ಟಿದಳು. ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ ಉಮಾಕಾಂತನೇ ಹಳೆಯ ಕಾಂಡಪ ಮಷೀನು ತಂದು ಕೂಡಿಸಿಕೊಟ್ಟ. ದಿನಗಳು ನಡೆದವು.

2014ರ ಬೇಸಿಗೆ. ವರ್ಷದ ಖಾರ ಕುಟ್ಟಿಸುವ ಹಂಗಾಮು, ಓಣಿಯ ತುಂಬ ಮೆಣಸಿನಕಾಯಿಯ ಚೀಲಗಳು. ಆಗಲೇ ಉಮಾಕಾಂತ ಹೆಂಡತಿಯಿಂದ ದೂರ ಮಲಗತೊಡಗಿದ. ಮೊದಲು ಸೆಖೆ ಅಂದ, ಆಮೇಲೆ ಬೆನ್ನು ನೋವು ಅಂದ. ಕಾಲು ಅಗಲಿಸಿ ನಡೆಯತೊಡಗಿದ. ಒಂದು ಬೆಳಿಗ್ಗೆ ಅವನ ಚಡ್ಡಿ ಒಗೆಯಲು ಹೋದ ತ್ರಿವೇಣಿಗೆ ರಕ್ತದ ಕಲೆ ಕಂಡಿತು. ಕೈಯಲ್ಲೇ ಹಿಡಿದುಕೊಂಡು ಒಳಗೆ ಬಂದಳು.

“ಇದು ಏನ್ರಿ?”

“ಉಷ್ಣ ಆಗ್ಯಾದ. ಬಿಡು.”

“ಉಷ್ಣಕ್ಕ ರಕ್ತ ಬರಂಗಿಲ್ಲ. ಏನು ಹಚ್ಚಿಕೊಂಡೀರಿ, ಖರೇ ಹೇಳ್ರಿ.”

ಉಮಾಕಾಂತ ಗೋಡೆ ನೋಡುತ್ತ ಹೇಳಿದ. ಗುಪ್ತಾಂಗದ ಮೇಲೆ ಸಣ್ಣ ಸಣ್ಣ ಗಂಟು ಎದ್ದಿದ್ದವು, ಗೋಬಿ ಹೂವಿನ ಹಾಗೆ. ನೋವಿಲ್ಲ, ತುರಿಕೆ ಅಷ್ಟೆ. ನರಹುಲಿ ಎಂದುಕೊಂಡು ಸುಮ್ಮನಿದ್ದ. ಹೆಚ್ಚಾದ ಮೇಲೆ ಬಸ್‌ಸ್ಟ್ಯಾಂಡಿನ ಹಿಂದೆ ಗುಪ್ತರೋಗದ ಬೋರ್ಡು ಹಾಕಿಕೊಂಡಿದ್ದ ಒಬ್ಬನ ಹತ್ತಿರ ಹೋಗಿದ್ದ. ಅವನು ಏನೋ ಸುಡುವ ಎಣ್ಣೆ ಹಚ್ಚಿದ. ಗಂಟಿನ ಜೊತೆ ಒಳ್ಳೆಯ ಚರ್ಮವೂ ಸುಟ್ಟಿತು.

“ಇದು ಹೆಂಗಸರಿಂದಲೇ ಬರ್ತಾದ ಅಂತ ಅಂವಾ ಅಂದ,” ಎಂದು ಉಮಾಕಾಂತ ಕೊನೆಗೆ ಸೇರಿಸಿದ. ಕಣ್ಣು ಮಾತ್ರ ಗೋಡೆಯ ಮೇಲೆಯೇ ಇತ್ತು.

ಹೊಸ್ತಿಲಲ್ಲಿ ನಿಂತಿದ್ದ ಅಂಬುಬಾಯಿಗೆ ಅಷ್ಟೇ ಸಾಕಾಯಿತು. “ಮೊದಲಿನಾಕಿನೂ ಹಿಂಗೇ ನನ್ನ ಮಗನ್ನ ಕೆಡಿಸಿ ಹೋದಳು. ಈಗ ನೀ ಶುರು ಮಾಡಿದೇನು? ದಿನಾ ಹತ್ತು ಮಂದಿ ಬಂದು ಹೋಗೋ ಧಂದೆ ನಿಂದು.”

ತ್ರಿವೇಣಿ ಚಡ್ಡಿಯನ್ನು ಬಕೇಟಿಗೆ ಹಾಕಿದಳು. “ಅತ್ತಿ, ನನ್ನ ಮೈಮ್ಯಾಲ ಒಂದೂ ಗಂಟಿಲ್ಲ. ನಿಮ್ಮ ಮಗನ ಮೈಮ್ಯಾಲ ಅದಾವ. ಇದ್ದವರಿಂದ ಇಲ್ಲದವರಿಗೆ ಬರ್ತಾವೋ, ಇಲ್ಲದವರಿಂದ ಇದ್ದವರಿಗೆ ಬರ್ತಾವೋ, ನೀವೇ ಹೇಳ್ರಿ. ಮತ್ತ ನನ್ನ ಧಂದೆಗೆ ಬರೋರು ಖಾರ ಒಯ್ತಾರ, ಬ್ಯಾರೆ ಏನೂ ಒಯ್ಯಂಗಿಲ್ಲ.”

ಬಾಯಿಗೆ ಬಂದ ಹಾಗೆ ಉತ್ತರ ಕೊಟ್ಟಳು ನಿಜ. ಆದರೆ ಆ ದಿನವೆಲ್ಲ ಮಷೀನಿನ ಮುಂದೆ ಕೂತಾಗ ಒಂದೇ ಯೋಚನೆ. ಮೊದಲಿನಾಕಿ ಅಂದರು. ಮೊದಲಿನಾಕಿಗೆ ಎಲ್ಲಿ ಬೇನೆ ಬಂದಿತ್ತು? ಈತನಿಗೆ ಎಲ್ಲಿ ಗಂಟು ಎದ್ದಿವೆ? ಹೆದರಿಕೆಯಾದಾಗ ಬಾಗಿಲು ಹಾಕಿಕೊಂಡು ಕೂರುವುದು ಅವಳಿಗೆ ಗೊತ್ತಿಲ್ಲದ ವಿದ್ಯೆ.

ಪಕ್ಕದ ಮನೆಯ ಮುಕ್ತಾಬಾಯಿಗೆ ಹೇಳಿದಳು. ಮುಕ್ತಾಬಾಯಿ ಅವಳನ್ನು ತನಗೆ ಗೊತ್ತಿದ್ದ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದಳು. ಅಲ್ಲಿಯ ಡಾಕ್ಟರು ಎರಡು ಪ್ರಶ್ನೆ ಕೇಳಿದರು, ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿದರು, ಪೆನ್ನು ಕೈಗೆತ್ತಿಕೊಂಡರು.

“ಪಿಶವಿ ತೆಗೆಸಿಬಿಡ್ರಿ ಬಾಯಿ. ಮಗಳು ಆಗ್ಯಾಳಲ್ಲ. ಗರ್ಭಚೀಲ ಇಟ್ಟುಕೊಂಡು ಏನು ಮಾಡ್ತೀರಿ? ನಾಳೆ ಕ್ಯಾನ್ಸರ್ ಆತಂದ್ರ ಅಳ್ತೀರಿ.”

“ಏನು ತಪಾಸಿ ಮಾಡಿ ಹೇಳ್ಲತ್ತೀರಿ ಸಾಹೇಬ್ರ?”

“ತಪಾಸಿ ಯಾಕ ಬೇಕು? ಇಂಥಾವು ದಿನಾ ನೋಡ್ತೀವಿ. ನಮಗ ಅನುಭವ ಅದ.”

“ಅನುಭವ ನಿಮ್ಮದು. ಚೀಲ ನಂದು,” ಅಂದಳು ತ್ರಿವೇಣಿ. “ಒಳಗ ಏನದ ಅಂತ ನೋಡದ ನಾ ಕೊಡಂಗಿಲ್ಲ.”

ಹೊರಗೆ ಬಂದ ಮೇಲೆ ಮುಕ್ತಾಬಾಯಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನಿಂತಳು. ಮೂವತ್ತು ತುಂಬುವ ಮೊದಲೇ ಇಲ್ಲಿಯ ಅದೇ ಕುರ್ಚಿಯ ಮೇಲೆ ಕೂತು ಚೀಲ ತೆಗೆಸಲು ಹೂಂ ಅಂದವಳು ಆಕೆ. ಅಂದಿನಿಂದ ಸೊಂಟ ನೆಟ್ಟಗಾಗಿರಲಿಲ್ಲ. “ನಾನೂ ಹಿಂಗ ಕೇಳಬೇಕಿತ್ತು,” ಅಂದಳು. ಆಮೇಲೆ, ಸರ್ಕಾರಿ ದವಾಖಾನೆಗೆ ಯೋಗಿತಾ ಎಂಬ ಹೊಸ ಡಾಕ್ಟರಮ್ಮ ಬಂದಿದ್ದಾರೆ, ಹೆಂಗಸರನ್ನು ತಪಾಸಣೆ ಮಾಡಿಯೇ ಮಾತಾಡುತ್ತಾರೆ ಎಂದು ಹೇಳಿದಳು.

ಯೋಗಿತಾ ಡಾಕ್ಟರ್ ಮರಾಠಿಯವರು. ತಾಯಿಯ ತವರು ಭಾಲ್ಕಿಯಾದ್ದರಿಂದ ಕನ್ನಡವೂ ಬರುತ್ತಿತ್ತು. ತ್ರಿವೇಣಿ ಹೇಳಿದ್ದನ್ನೆಲ್ಲ ಮಧ್ಯೆ ಬಾಯಿ ಹಾಕದೆ ಕೇಳಿದರು. ಕೊನೆಗೆ, “ಗಂಡನ್ನ ಕರ್ಕೊಂಡು ಬಾ. ನೀ ಒಬ್ಬಾಕಿ ಬಂದ್ರ ಅರ್ಧ ಕೆಲಸ,” ಅಂದರು.

ಉಮಾಕಾಂತ ಬರಲು ಒಪ್ಪಲಿಲ್ಲ. ಇವತ್ತು ಮಿಲ್ಲಿನಲ್ಲಿ ಕೆಲಸ, ನಾಳೆ ಬೆಲ್ಟು ಹರಿದಿದೆ, ನಾಡಿದ್ದು ಮಾಲೀಕರು ಬರುತ್ತಾರೆ. ತ್ರಿವೇಣಿ ಒಂದು ಸೋಮವಾರ ಹಂಗಾಮಿನ ನಡುವೆಯೇ ಮಷೀನು ನಿಲ್ಲಿಸಿದಳು. ಸಾಲಿನಲ್ಲಿದ್ದ ಹೆಂಗಸರಿಗೆ ನಾಳೆ ಬರಲು ಹೇಳಿ, ಮೈಮೇಲಿನ ಖಾರದ ಪುಡಿಯನ್ನೂ ಕೊಡವಿಕೊಳ್ಳದೆ ಮಿಲ್ಲಿನ ಗೇಟಿಗೆ ಹೋಗಿ ನಿಂತಳು. ಮುಕಾದಮ ಜಗದೇವಪ್ಪ ಹೊರಗೆ ಬಂದ.

“ಯಾಕವ್ವ ಇಲ್ಲಿಗೆ ಬಂದಿ?”

“ನಮ್ಮ ಮನ್ಯಾಗಿನವರನ್ನ ದವಾಖಾನಿಗೆ ಕರ್ಕೊಂಡು ಹೋಗಬೇಕರಿ.”

“ಏನಾಗ್ಯಾದ ಅವನಿಗೆ? ಬೆಳಿಗ್ಗಿಂದ ಚಲೋನೇ ಅದಾನ.”

“ಅವರೇ ಬಂದು ಹೇಳ್ತಾರ. ಬರದಿದ್ರ ನಾ ಇಲ್ಲಿಂದಲೇ ಹೇಳ್ತೀನಿ. ನನ್ನ ದನಿ ನಿಮಗೆಲ್ಲ ಗೊತ್ತದ.”

ಜಗದೇವಪ್ಪ ನಗುತ್ತ ಒಳಗೆ ಹೋದ. ಅವನ ನಗು ಮುಗಿಯುವುದರೊಳಗೆ ಉಮಾಕಾಂತ ಗ್ರೀಸಿನ ಕೈ ಒರೆಸಿಕೊಳ್ಳುತ್ತ ಗೇಟಿನ ಹೊರಗಿದ್ದ. ದಾರಿಯುದ್ದಕ್ಕೂ ಅವನು ಬೈದ. ಅವಳು ಬೈಸಿಕೊಂಡಳು. ಅವನ ಕಾಲುಗಳು ದವಾಖಾನೆಯ ಕಡೆಗೆ ನಡೆಯುತ್ತಿದ್ದವು, ಅವಳಿಗೆ ಅಷ್ಟು ಸಾಕಿತ್ತು.

ಡಾಕ್ಟರು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

“ಇದು ಎಚ್‌ಪಿವಿ ಅನ್ನೋ ವೈರಸ್‌ದು,” ಅಂದರು. “ಗಂಡ ಹೆಂಡತಿ ಕೂಡಿದಾಗ ಚರ್ಮಕ್ಕ ಚರ್ಮ ತಾಕಿ ಹರಡ್ತಾದ. ಭಾಳ ಮಂದಿಗೆ ಆಯುಷ್ಯದಾಗ ಒಮ್ಮೆ ಬಂದೇ ಬರ್ತಾದ, ಬಂದದ್ದು ತಿಳಿಯಂಗೇ ಇಲ್ಲ. ಒಂದೆರಡು ವರ್ಷದಾಗ ಮೈಯೇ ಅದನ್ನ ಹೊರಗ ಹಾಕ್ತಾದ. ಇದರಾಗ ಭಾಳ ಜಾತಿ ಅದಾವ. ನಿಮಗ ಗಂಟು ಎಬ್ಬಿಸ್ಯಾವಲ್ಲ ಉಮಾಕಾಂತ, ಆ ಜಾತಿ ಕ್ಯಾನ್ಸರ್ ಮಾಡೋದಲ್ಲ.”

ಉಮಾಕಾಂತ ಮೊದಲ ಸಲ ತಲೆಯೆತ್ತಿದ. “ಹಂಗಾದ್ರ ಚಿಂತಿ ಇಲ್ಲೇನ್ರಿ?”

“ಪೂರಾ ಕೇಳ್ರಿ. ಕ್ಯಾನ್ಸರ್ ಮಾಡೋ ಜಾತಿ ಬ್ಯಾರೆ. ಅವು ಗಂಟು ಎಬ್ಬಿಸಂಗಿಲ್ಲ, ಕಣ್ಣಿಗೆ ಕಾಣಂಗಿಲ್ಲ. ಒಂದು ಜಾತಿ ಬಂದ ಮೈಯಾಗ ಇನ್ನೊಂದೂ ಬಂದಿರಬಹುದು. ಅವು ಹೆಂಗಸಿನ ಗರ್ಭಚೀಲದ ಬಾಯಿಗೆ ಕೂತು, ಹೋಗದೆ ವರ್ಷಗಟ್ಟಲೆ ಉಳದ್ರ, ಅಲ್ಲಿ ಚರ್ಮ ನಿಧಾನ ಕೆಡ್ತಾದ. ಕೆಡೋದಕ್ಕ ಹತ್ತು ವರ್ಷ, ಹದಿನೈದು ವರ್ಷ ಹಿಡೀತಾದ. ಅಷ್ಟರಾಗ ಹುಡುಕಿದ್ರ ಸಣ್ಣ ಇಲಾಜಿನಾಗ ಮುಗೀತಾದ. ಹುಡುಕದಿದ್ರ ಕ್ಯಾನ್ಸರ್.”

“ನನ್ನ ಮೈಮ್ಯಾಲ ಏನೂ ಇಲ್ಲರಿ,” ಅಂದಳು ತ್ರಿವೇಣಿ.

“ಇಲ್ಲ ಅಂತ ನೀ ಹ್ಯಾಂಗ ಹೇಳ್ತಿ? ಕಾಣದ್ದೂ ಇರ್ತಾದ. ನಿನ್ನಿಂದ ಅವರಿಗೆ ಬಂದಿರಬಹುದು, ಅವರಿಂದ ನಿನಗ ಬಂದಿರಬಹುದು. ಯಾರಿಂದ, ಯಾವಾಗ, ಅದನ್ನ ಯಾವ ಡಾಕ್ಟರೂ ಹೇಳಲಾರ. ಈಗ ಎದ್ದ ಗಂಟು ಭಾಳ ದಿನದ ಹಿಂದ ಬಂದ ವೈರಸ್‌ದೂ ಇರಬಹುದು.”

ಅತ್ತೆಗೆ ಕೊಟ್ಟ ಉತ್ತರ ಅರ್ಧ ತಪ್ಪಾಗಿತ್ತು ಎಂದು ತ್ರಿವೇಣಿಗೆ ಗೊತ್ತಾಯಿತು. ಅದನ್ನು ನುಂಗಿಕೊಂಡಳು. ಆದರೆ ಇನ್ನೊಂದು ಪ್ರಶ್ನೆ ಉಳಿದಿತ್ತು.

“ಇವರ ಮೊದಲಿನ ಹೆಂಡತಿ ಗರ್ಭಚೀಲದ ಕ್ಯಾನ್ಸರದಾಗ ಹೋಗ್ಯಾಳರಿ. ಆಕಿಗೂ ಇದೇ ಏನು?”

ಡಾಕ್ಟರು ಪೆನ್ನು ಕೆಳಗಿಟ್ಟು ಉಮಾಕಾಂತನನ್ನು ನೋಡಿದರು. ಅವನು ಕಣ್ಣು ಕೆಳಗೆ ಹಾಕಿದ.

“ಚೀಲದ ಬಾಯಿ ಕಡಿ ಕ್ಯಾನ್ಸರ್ ಇದ್ರ, ಹೆಚ್ಚಾಗಿ ಇದೇ ವೈರಸ್,” ಅಂದರು. “ಆ ಗಂಟಿನ ಜಾತಿ ಅಲ್ಲ, ಇನ್ನೊಂದು. ಹಂಗಿದ್ರ ನಿನ್ನ ತಪಾಸಿ ಇವತ್ತೇ ಮಾಡ್ತೀನಿ.”

“ಆಕಿ ನಡತಿ ಸರಿ ಇಲ್ಲದ್ದಕ್ಕ ಬಂತು ಅಂತಾರ.”

“ಯಾರು ಅಂತಾರೋ ಅವರಿಗೆ ಹೇಳು. ಆಯುಷ್ಯದಾಗ ಒಬ್ಬನೇ ಗಂಡಸನ್ನ ನೋಡಿದ ಹೆಂಗಸಿಗೂ ಇದು ಬರ್ತಾದ. ಆ ಒಬ್ಬ ಗಂಡಸು ತಂದಿದ್ರ ಸಾಕು. ಬ್ಯಾನಿ ನೋಡಿ ನಡತಿ ಓದಲಿಕ್ಕ ಬರಂಗಿಲ್ಲ.”

ತಪಾಸಣೆ ಅವಳು ಹೆದರಿದಷ್ಟು ದೊಡ್ಡದಾಗಿರಲಿಲ್ಲ. ಒಳಗೆ ಸಿರ್ಕಾದಂಥ ಹುಳಿ ನೀರು ಹಚ್ಚಿ, ದೀಪ ಹಿಡಿದು, ಸ್ವಲ್ಪ ಹೊತ್ತು ಕಾದು ನೋಡುವುದು. ಕೆಟ್ಟ ಚರ್ಮವಿದ್ದರೆ ಬೆಳ್ಳಗಾಗುತ್ತದೆ. ತ್ರಿವೇಣಿಗೆ ಬೆಳ್ಳಗಾಯಿತು. ಅಲ್ಲಿಂದ ಸಾಸಿವೆಯಷ್ಟು ತುಣುಕು ತೆಗೆದು ಲಾತೂರಿಗೆ ಕಳಿಸಿದರು. ಇಬ್ಬರ ರಕ್ತವನ್ನೂ ಬೇರೆ ಗುಪ್ತರೋಗಗಳಿಗಾಗಿ ಪರೀಕ್ಷಿಸಿದರು, ಏನೂ ಇರಲಿಲ್ಲ. ಉಮಾಕಾಂತನನ್ನು ಚರ್ಮದ ಡಾಕ್ಟರ ಹತ್ತಿರ ಕಳಿಸಿ ಗಂಟಿಗೆ ಸರಿಯಾದ ಔಷಧ ಹಚ್ಚಿಸಿದರು. ಗಂಟು ಹೋದರೂ ವೈರಸ್ ಉಳಿದಿರಬಹುದು, ತಿರುಗಿ ಬರಬಹುದು ಎಂದೂ ಹೇಳಿ ಕಳಿಸಿದರು.

ಲಾತೂರಿನಿಂದ ಉತ್ತರ ಬರುವವರೆಗೆ ತ್ರಿವೇಣಿ ಎರಡು ಊಟ ಬಿಟ್ಟರೆ ಒಂದು ಊಟ ಮಾಡಿದಳು. ಕ್ಯಾನ್ಸರ್ ಅಲ್ಲ, ಅದರ ಮೊದಲಿನ ಮೆಟ್ಟಿಲು ಎಂದು ಬಂತು. ಲಾತೂರಿನ ದೊಡ್ಡಾಸ್ಪತ್ರೆಯಲ್ಲಿ ಆ ಜಾಗವನ್ನು ಅತಿ ತಣ್ಣನೆಯ ಗ್ಯಾಸಿನಿಂದ ಹೆಪ್ಪುಗಟ್ಟಿಸಿ ಸಾಯಿಸಿದರು. ಕೊಯ್ಯಲಿಲ್ಲ, ಹೊಲಿಯಲಿಲ್ಲ, ಚೀಲ ತೆಗೆಯಲಿಲ್ಲ. ಸಂಜೆಯ ಬಸ್ಸಿಗೆ ಅವಳು ಉದಗೀರಕ್ಕೆ ವಾಪಸು ಬಂದಳು. ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕೂತು ಅತ್ತಳು. ತನಗಾಗಿ ಅಲ್ಲ. ಇಷ್ಟು ಸಣ್ಣದರಲ್ಲಿ ಮುಗಿಯುವಂಥದ್ದಕ್ಕೆ ಅಂಜನಾಬಾಯಿ ಹಿತ್ತಿಲ ಕೋಣೆಯಲ್ಲಿ, ಬೇರೆ ತಟ್ಟೆಯಲ್ಲಿ ಉಂಡು ಸತ್ತಳಲ್ಲ ಎಂದು.

ಮನೆಗೆ ಬಂದ ಮೇಲೆ ಗಂಡನಿಗೆ ಹೇಳಿದಳು. “ಗಾಯ ಮಾಯೋತನಕ ದೂರ ಇರ್ಬೇಕು ಅಂತ ಡಾಕ್ಟರ್ ಹೇಳ್ಯಾರ. ಅದು ಅವರ ಲೆಕ್ಕ. ನನ್ನ ಲೆಕ್ಕ ಬ್ಯಾರೆ ಅದ. ನೀವು ನಿಲಂಗಾಕ್ಕ ಬಂದು, ಆಕಿ ತಾಯಿ ಮುಂದ ನಿಂತು, ನಿಮ್ಮ ಮಗಳ ನಡತಿಯಾಗ ತಪ್ಪಿರಲಿಲ್ಲ ಅಂತ ಹೇಳೋತನಕ ನನ್ನ ಹಾಸಿಗಿ ಬ್ಯಾರೆ.”

“ಹುಚ್ಚು ಹಿಡದದೇನು ನಿನಗ? ಸತ್ತಾಕಿ ಸತ್ತಾಳ.”

“ಸತ್ತಾಕಿ ಹೆಸರು ಇನ್ನೂ ಸತ್ತಿಲ್ಲ. ದಿನಾ ನಿಮ್ಮ ಅವ್ವ ಅದನ್ನ ಕುಟ್ತಾಳ.”

ಅಂಬುಬಾಯಿ ಕೂಗಾಡಿದಳು. ಸವತಿಗಾಗಿ ಗಂಡನ ಮೇಲೆ ತಿರುಗಿ ಬೀಳುವವಳನ್ನು ಎಲ್ಲಾದರೂ ಕಂಡೀರಾ ಎಂದು ಓಣಿಯನ್ನೆಲ್ಲ ಕೇಳಿದಳು. ಗುಂಜೋಟಿಗೆ ಹೇಳಿ ಕಳಿಸಿ, ರೇವಣಪ್ಪನನ್ನು ಕರೆಸಿ, ಮಗಳನ್ನು ಕರೆದುಕೊಂಡು ಹೋಗು ಅಂದಳು. ರೇವಣಪ್ಪ ಬಂದ. ಅಳಿಯನ ಮುಖ ನೋಡಿದ, ಮಗಳ ಮುಖ ನೋಡಿದ. “ಬರ್ತೀಯೇನವ್ವ?” ಎಂದಷ್ಟೇ ಕೇಳಿದ.

“ನಾ ಯಾಕ ಬರಲಿ ಅಪ್ಪ? ಮಷೀನು ಇಲ್ಲೇ ಅದ, ಮಗಳು ಸಾಲಿಗೆ ಇಲ್ಲೇ ಹೋಗ್ತಾಳ. ಹೋಗೋದಿದ್ರ ಬ್ಯಾರೆಯವರು ಹೋಗಲಿ.”

ರೇವಣಪ್ಪ ಚಹಾ ಕುಡಿದು ಗುಂಜೋಟಿಯ ಬಸ್ಸು ಹತ್ತಿದ. ತ್ರಿವೇಣಿ ಮರುದಿನವೂ ಮಷೀನಿನ ಮುಂದೆಯೇ ಇದ್ದಳು. ಮಳೆಗಾಲ ಬಂತು, ಅವಳ ಹಾಸಿಗೆ ಬೇರೆಯೇ ಉಳಿಯಿತು. ಉಮಾಕಾಂತ ಒಂದೊಂದು ದಿನ ಉಣ್ಣದೆ ಸಿಟ್ಟು ಮಾಡಿದ, ಒಂದೊಂದು ದಿನ ಮಗಳ ಕೈಯಲ್ಲಿ ಜಿಲೇಬಿ ಕಳಿಸಿದ. ಜಿಲೇಬಿಯನ್ನು ಅವಳು ತಿಂದಳು. ಹಾಸಿಗೆಯನ್ನು ಮಾತ್ರ ಸರಿಸಲಿಲ್ಲ.

ದಸರೆಗೆ ಮೊದಲು ಒಂದು ಮಧ್ಯಾಹ್ನ ಅವನು ಮಿಲ್ಲಿನಿಂದ ಹೊತ್ತಿಲ್ಲದ ಹೊತ್ತಿನಲ್ಲಿ ಬಂದ. ಗಿರಾಕಿಗಳು ಯಾರೂ ಇರಲಿಲ್ಲ. ಶೆಡ್ಡಿನ ಕಂಬ ಹಿಡಿದು ನಿಂತ.

“ಗಂಟು ಮತ್ತ ಬಂದಾವ,” ಅಂದ.

ತ್ರಿವೇಣಿ ಸ್ವಿಚ್ಚು ಒತ್ತಿ ಮಷೀನು ನಿಲ್ಲಿಸಿದಳು. ಒಳಗಿನಿಂದ ಅಂಬುಬಾಯಿಯೂ ಬಾಗಿಲಿಗೆ ಬಂದಿದ್ದಳು. ಇಷ್ಟು ತಿಂಗಳು ಗಂಡ ಹೆಂಡತಿ ಒಂದು ಕಡೆ ಮಲಗಿಲ್ಲವೆಂಬುದು ಆ ಎರಡು ಕೋಣೆಯ ಮನೆಯಲ್ಲಿ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

“ಈಗ ಯಾರಿಂದ ಬಂದಾವ ಅತ್ತಿ?” ಎಂದು ತ್ರಿವೇಣಿ ಕೇಳಿದಳು. ಧ್ವನಿ ಏರಿಸಲಿಲ್ಲ.

ಅಂಬುಬಾಯಿ ಒಳಗೆ ಹೋದಳು. ಉಮಾಕಾಂತ ಕಂಬ ಬಿಟ್ಟು, ಖಾರದ ಪುಡಿ ಬಿದ್ದಿದ್ದ ಕಟ್ಟೆಯ ಮೇಲೆ ಹಾಗೇ ಕೂತುಬಿಟ್ಟ. ತಿರುಗಿ ಬರಬಹುದೆಂದು ಡಾಕ್ಟರು ಹೇಳಿದಾಗ ಅವನು ಕೇಳಿಸಿಕೊಂಡಿದ್ದ, ನಂಬಿರಲಿಲ್ಲ. ತನ್ನ ಮೈಯೊಳಗಿನದು ತನ್ನದೇ ಎಂದು ಆ ದಿನ ಅವನಿಗೆ ತಿಳಿಯಿತು. “ಗುರುವಾರ ರಜಾ ಹಾಕ್ತೀನಿ,” ಅಂದ.

ನಿಲಂಗಾದ ಬಸ್ಸು ಶಿರೂರ ಅನಂತಪಾಳ ಊರನ್ನು ದಾಟಿತು. ಆಮೇಲೆ ಅವನು, “ಏನು ಹೇಳ್ಬೇಕು?” ಎಂದು ಕೇಳಿದ. “ಖರೇ ಹೇಳ್ರಿ. ಅದಕ್ಕ ತಯಾರಿ ಬೇಕಿಲ್ಲ,” ಅಂದಳು ಅವಳು.

ಅಂಜನಾಬಾಯಿಯ ಅಣ್ಣ ವೀರಭದ್ರ ಬಾಗಿಲು ತೆಗೆದವನು ತಂಗಿಯ ಗಂಡನ ಮುಖ ಕಂಡು ಬಾಗಿಲನ್ನು ಅರ್ಧ ಮುಚ್ಚಿದ. “ಹನ್ನೊಂದು ವರ್ಷ ಆದ ಮ್ಯಾಲ ಏನು ಉಳದದ ಇಲ್ಲಿ ನಿಂದು?”

“ಅಣ್ಣಾ, ಕರ್ಕೊಂಡು ಬಂದಾಕಿ ನಾ,” ಅಂದಳು ತ್ರಿವೇಣಿ. “ನಿಮ್ಮ ತಂಗಿ ಜಾಗಾಕ್ಕ ಬಂದಾಕಿ. ಒಂದು ಮಾತು ಹೇಳಿ ಹೋಗ್ತಾರ. ಕುಂದರಸದಿದ್ರೂ ನಡೀತದ, ನಿಂತೇ ಹೇಳ್ತಾರ.”

ಒಳಗಿನಿಂದ ಮುದುಕಿಯೊಬ್ಬಳ ಧ್ವನಿ, ಬಿಡು ಅಂದಿತು. ಅದು ತಾಯಿ ಪ್ರಯಾಗಬಾಯಿ. ನೆಲದ ಮೇಲೆ ಕೂತು ತೊಗರಿ ಆರಿಸುತ್ತಿದ್ದಳು. ಮೊರವನ್ನು ಕೆಳಗಿಡಲಿಲ್ಲ.

ಉಮಾಕಾಂತ ನಿಂತುಕೊಂಡೇ ಹೇಳಿದ. ಮೊದಲ ಮದುವೆಗೂ ಮುಂಚೆ ಹೈದರಾಬಾದಿನಲ್ಲಿ ಕೆಲಸಕ್ಕಿದ್ದುದು, ಅಲ್ಲಿ ಹೋಗಬಾರದ ಕಡೆ ಹೋಗಿದ್ದು. ಈ ಬೇನೆ ಹಾಗೆ ಬರುತ್ತದೆ, ವರ್ಷಗಟ್ಟಲೆ ಕಾಣದೆ ಕೂರುತ್ತದೆ ಎಂದು ಈಗ ಡಾಕ್ಟರಿಂದ ತಿಳಿದದ್ದು. “ಅಂಜನಾಗ ನನ್ನ ಬಿಟ್ಟು ಯಾರೂ ಗೊತ್ತಿರಲಿಲ್ಲ, ಅವ್ವ. ಅದು ನನಗ ಗೊತ್ತಿತ್ತು. ನಮ್ಮವ್ವ ಅಂದಾಗ ಸುಮ್ಮ ಕುಂತೆ.”

ಪ್ರಯಾಗಬಾಯಿಯ ಕೈ ನಿಂತಿತು. ಮುಖ ಮೇಲೆತ್ತಲಿಲ್ಲ.

“ಇದನ್ನ ನನಗ ಹೇಳಿದ್ರ ಏನು ಬಂತು? ನಾ ಹೆತ್ತಾಕಿ. ನನಗ ಅಂದೇ ಗೊತ್ತಿತ್ತು,” ಅಂದಳು. “ಓಣ್ಯಾಗ ಹೇಳು.”

ವೀರಭದ್ರ ಅರ್ಧ ಮುಚ್ಚಿದ್ದ ಬಾಗಿಲನ್ನು ಪೂರ್ತಿ ತೆರೆದ. ಎದುರಿನ ಕಟ್ಟೆಯ ಮೇಲೆ ಹಿರಿಯರಿಬ್ಬರು ಕೂತಿದ್ದರು, ನಲ್ಲಿಯ ಹತ್ತಿರ ಹೆಂಗಸರಿದ್ದರು. ಉಮಾಕಾಂತ ತ್ರಿವೇಣಿಯನ್ನು ನೋಡಿದ. ಓಣಿಗೆ ಕೇಳಿಸುವ ಧ್ವನಿ ಇದ್ದವಳು ಅವಳು. ಅವಳು ತುಟಿ ಬಿಚ್ಚಲಿಲ್ಲ. ಅವನು ಕಟ್ಟೆಯ ಮೇಲೆ ನಿಂತು ಮೊದಲ ಸಲ ಹೇಳಿದ್ದು ಯಾರಿಗೂ ಕೇಳಲಿಲ್ಲ. “ಜೋರಾಗಿ,” ಎಂದಳು ಪ್ರಯಾಗಬಾಯಿ ಒಳಗಿನಿಂದ. ಎರಡನೆಯ ಸಲ ಕೇಳಿಸಿತು. ಅಂಜನಾಬಾಯಿ ತಪ್ಪು ಮಾಡಿದವಳಲ್ಲ, ಬೇನೆ ಅವಳ ನಡತೆಯದಲ್ಲ, ತಂದಿದ್ದರೆ ತಾನೇ ತಂದಿರಬೇಕು ಎಂದು ಅವನು ಹೇಳಿದ. ನಲ್ಲಿಯ ಹತ್ತಿರ ಕೊಡ ತುಂಬಿ ಹರಿಯುತ್ತಿತ್ತು, ಯಾರೂ ಅದನ್ನು ಸರಿಸಲಿಲ್ಲ.

ಪ್ರಯಾಗಬಾಯಿ ಅವನಿಗೆ ನೀರು ಕೊಡಲಿಲ್ಲ. ತ್ರಿವೇಣಿಗೆ ಕೊಟ್ಟಳು, ಅವಳ ಹಣೆಗೆ ಕುಂಕುಮವನ್ನೂ ಹಚ್ಚಿದಳು. “ನೀ ಬರ್ತಾ ಇರು,” ಅಂದಳು. “ಅಂವಾ ಬರೋದು ಬ್ಯಾಡ.” ಉಮಾಕಾಂತ ಅದನ್ನು ಕೇಳಿಸಿಕೊಂಡು ಚಪ್ಪಲಿ ಮೆಟ್ಟಿಕೊಂಡ.

ಬಸ್‌ಸ್ಟ್ಯಾಂಡಿನ ತನಕ ವೀರಭದ್ರನ ಹೆಂಡತಿ ತ್ರಿವೇಣಿಯ ಜೊತೆ ಬಂದಳು. ಉಮಾಕಾಂತ ಮುಂದೆ ಹೋದ ಮೇಲೆ ಮೆಲ್ಲಗೆ, “ಅಕ್ಕ, ನನಗೂ ಬಿಳಿಸೆರಗು ಹೋಗ್ತದ. ತೋರಿಸಬೇಕೇನು?” ಎಂದು ಕೇಳಿದಳು.

“ತೋರಿಸು. ಏನೂ ಆಗದಿದ್ರೂ ತೋರಿಸು. ಮೂವತ್ತು ದಾಟಿದವರೆಲ್ಲ ಒಮ್ಮೆ ತೋರಿಸಬೇಕು. ಯಾರಾರ ತಪಾಸಿ ಮಾಡದೆ ಚೀಲ ತೆಗೆಸು ಅಂದ್ರ ಎದ್ದು ಬಾ.”

ಉದಗೀರದಲ್ಲಿ ಅಂಬುಬಾಯಿ ಮನೆಯ ಮರ್ಯಾದೆಯನ್ನು ನಿಲಂಗಾದ ಓಣಿಯಲ್ಲಿ ಚೆಲ್ಲಿ ಬಂದಿರಿ ಎಂದು ಹಾಡಿಕೊಂಡು ಅತ್ತಳು. ಕೆಲವು ದಿನ ಸೊಸೆಯ ಕೈಯ ರೊಟ್ಟಿ ಮುಟ್ಟಲಿಲ್ಲ, ಆಮೇಲೆ ಮುಟ್ಟಿದಳು. ತನ್ನ ತಪ್ಪು ಎಂದು ಸಾಯುವವರೆಗೂ ಒಪ್ಪಿಕೊಳ್ಳಲಿಲ್ಲ. ಆದರೆ ಅಂಜನಾಬಾಯಿಯ ನಡತೆಯ ಮಾತು ಅವಳ ಬಾಯಿಂದ ಮತ್ತೆ ಬರಲಿಲ್ಲ. ಬಂದರೆ ಉತ್ತರ ಬರುತ್ತದೆ, ಅದೂ ಓಣಿಯ ತುದಿಗೆ ಕೇಳುವ ಹಾಗೆ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಉಮಾಕಾಂತನ ಗಂಟುಗಳು ಎರಡನೆಯ ಸಲದ ಔಷಧಕ್ಕೆ ಹೋದವು, ತಿರುಗಿ ಬರಲಿಲ್ಲ. ತ್ರಿವೇಣಿ ವರ್ಷ ಕಳೆದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿಕೊಂಡಳು, ಎಲ್ಲ ಸರಿಯಾಗಿತ್ತು. ಹಾಸಿಗೆ ಒಂದಾಯಿತು. ಗಂಡನನ್ನು ಕ್ಷಮಿಸಿದೆಯಾ ಎಂದು ಮುಕ್ತಾಬಾಯಿ ಒಮ್ಮೆ ಕೇಳಿದಳು. “ಅವರು ಕೇಳಿಲ್ಲ, ನಾ ಕೊಟ್ಟಿಲ್ಲ. ಸಂಸಾರ ನಡದದ,” ಎಂದು ತ್ರಿವೇಣಿ ಮೆಣಸಿನಕಾಯಿ ತುಂಬಿಸಿದಳು.

ಖಾರ ಕುಟ್ಟಿಸಲು ಕೂತ ಹೆಂಗಸರಿಗೆ ಅವಳು ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳತೊಡಗಿದಳು. ಮೊದಮೊದಲು ಸೆರಗು ಬಾಯಿಗಿಟ್ಟು ನಗುತ್ತಿದ್ದವರು ಆಮೇಲೆ ಒಬ್ಬೊಬ್ಬರೇ ಸರ್ಕಾರಿ ದವಾಖಾನೆಯ ಹಾದಿ ಹಿಡಿದರು. ಒಂದು ದಿನ ಆ ನರ್ಸಿಂಗ್ ಹೋಮಿನ ಕಂಪೌಂಡರ್ ಬಂದು, ನಮ್ಮ ಪೇಶಂಟುಗಳನ್ನು ನೀ ತಿರುಗಿಸುತ್ತೀಯಂತೆ, ಸಾಹೇಬರು ಸಿಟ್ಟಾಗಿದ್ದಾರೆ ಅಂದ. “ನಾ ಯಾರನ್ನೂ ತಿರುಗಿಸಿಲ್ಲ. ತಪಾಸಿ ಮಾಡಿ ಕೊಯ್ರಿ ಅಂತ ಹೇಳ್ತೀನಿ. ಸಾಹೇಬ್ರಿಗೆ ಅದರಾಗ ಏನು ತ್ರಾಸ ಅದ, ಬಂದು ಇಲ್ಲೇ ಹೇಳಲಿ,” ಎಂದು ಸ್ವಿಚ್ಚು ಒತ್ತಿದಳು. ಅವನು ಸೀನುತ್ತ ಹೋದ.

ಉಮಾಶ್ರೀಗೆ ಹದಿಮೂರು ತುಂಬಿದಾಗ ಈ ವೈರಸ್ಸಿನ ಲಸಿಕೆ ಹಾಕಿಸಲು ತ್ರಿವೇಣಿ ಅವಳನ್ನು ಲಾತೂರಿಗೆ ಕರೆದುಕೊಂಡು ಹೋದಳು. ಇಂಥ ಸಣ್ಣ ಹುಡುಗಿಗೆ ಇಂಥ ಸೂಜಿ ಯಾಕೆ, ಜನ ಏನಂದಾರು ಎಂದು ಓಣಿಯಲ್ಲಿ ಕೆಲವರು ಕೇಳಿದ್ದರು. ಹಾಗೆ ಅನ್ನುವವರ ಮನೆಗೇ ಬೇನೆ ಬಂದರೆ ತಾವೂ ಹಾಕಿಸಬೇಕಿತ್ತು ಅಂತಾರೆ ಎಂದು ಅವಳು ಉತ್ತರ ಕೊಟ್ಟಿದ್ದಳು. ಮರಳಿ ಬರುವಾಗ ಬಸ್ಸಿನಲ್ಲಿ ಮಗಳು ತೋಳು ತಿಕ್ಕಿಕೊಳ್ಳುತ್ತ, “ದೊಡ್ಡವ್ವಗ ಇದು ಹಾಕಿಸಿರಲಿಲ್ಲೇನು?” ಎಂದು ಕೇಳಿದಳು. ಆ ಮನೆಯಲ್ಲಿ ಈಗ ಅಂಜನಾಬಾಯಿಯನ್ನು ದೊಡ್ಡವ್ವ ಎಂದೇ ಕರೆಯುತ್ತಿದ್ದರು.

“ಆಗ ಇದು ಇರಲಿಲ್ಲ.”

“ಇದ್ದಿದ್ರ?”

“ಇದ್ದಿದ್ರೂ ಆಕಿ ಸಲುವಾಗಿ ಯಾರೂ ಬಾಯಿ ತೆಗೀತಿರಲಿಲ್ಲ,” ಅಂದಳು ತ್ರಿವೇಣಿ. “ನೀ ತೆಗಿ. ನಿನ್ನ ಸಲುವಾಗಿನೂ, ಬ್ಯಾರೆಯವರ ಸಲುವಾಗಿನೂ.”

ಹುಡುಗಿ ಹೂಂ ಅಂದು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು. ಎರಡನೆಯ ಸೂಜಿಗೆ ಆರು ತಿಂಗಳ ಮೇಲೆ ಮತ್ತೆ ಬರಬೇಕಿತ್ತು.